ಕೋಡಂಗಿಗೆ 18 ಪರ್ಸೆಂಟು

‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಅನ್ನುವ ಗಾದೆಯಲ್ಲಿ ಇರುವವರು ಇಬ್ಬರೇ. ಸಾಲ ಕೊಟ್ಟು ಬಾಗಿಲಿಂದ ಬಾಗಿಲಿಗೆ ಅಲೆಯುವವನೊಬ್ಬ, ಇಸ್ಕೊಂಡು ಮೀಸೆ ತಿರುವುವವನೊಬ್ಬ. ಇವರಿಬ್ಬರ ನಡುವೆ ಕುರ್ಚಿ ಹಾಕಿಕೊಂಡು, ಇಬ್ಬರಿಂದಲೂ ಶುಲ್ಕ ಎತ್ತಿ, ದುಡ್ಡು ಮುಳುಗಿದ ದಿನ ‘ನಾನು ಬರೀ ಮಧ್ಯಸ್ಥ ಸ್ವಾಮೀ’ ಅನ್ನಬಲ್ಲ ಮೂರನೆಯವನೊಬ್ಬ ಇರಬಹುದೆಂದು ನಮ್ಮ ಹಿರಿಯರಿಗೆ ಹೊಳೆಯಲಿಲ್ಲ. ಹೊಳೆದದ್ದು ಲಂಡನ್ನಿನವರಿಗೆ. 2005ರಲ್ಲಿ ಅಲ್ಲಿ ಜೋಪಾ ಎಂಬ ಕಂಪನಿ ಶುರುವಾಯಿತು. ಬ್ಯಾಂಕಿನ ಹಂಗಿಲ್ಲದೆ ಜನ ಜನಕ್ಕೇ ಸಾಲ ಕೊಡಲಿ ಅನ್ನುವುದು ಅದರ ಘೋಷಣೆ. ಆ ಹುರುಪು ಭಾರತಕ್ಕೂ ಬಂತು. 2017ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕು ಅದಕ್ಕೆ ನಿಯಮ ಬರೆದು ‘ಪಿ2ಪಿ’ ಕಂಪನಿಗಳಿಗೆ ನೋಂದಣಿ ಕಡ್ಡಾಯ ಮಾಡಿತು. ಒಬ್ಬ ಒಬ್ಬನಿಗೆ 50,000 ರೂಪಾಯಿಗಿಂತ ಹೆಚ್ಚು ಕೊಡುವಂತಿಲ್ಲ, ಸಾಲದ ಅವಧಿ 36 ತಿಂಗಳು ದಾಟುವಂತಿಲ್ಲ, ಹೀಗೆ.

ನಿಯಮ ಚೆನ್ನಾಗಿಯೇ ಇದೆ. ತಮಾಷೆ ಇರುವುದು ಈ ಕಂಪನಿಗಳ ಆ್ಯಪಿನ ಮೊದಲ ಪುಟದಲ್ಲಿ ಹಸಿರು ಬಣ್ಣದಲ್ಲಿ ಮಿನುಗುವ ಅಂಕಿಯಲ್ಲಿ. ‘18% ವರೆಗೆ’! ‘ವರೆಗೆ’ ಅನ್ನುವುದನ್ನು ಓದಲು ಭೂತಗನ್ನಡಿ ಬೇಕು, ಇರಲಿ. ಊರಿನ ಲೆಕ್ಕದಲ್ಲಿ ಇದು ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ. ಒಂದು ಲಕ್ಷ ಹಾಕಿದರೆ ವರ್ಷಕ್ಕೆ 18,000 ಅಂತ ಮನಸ್ಸು ತಾನಾಗಿ ಗುಣಿಸಿಕೊಳ್ಳುತ್ತದೆ. ಆ್ಯಪು ಅದನ್ನು ಹೇಳಿಲ್ಲ, ನೀವೇ ಗುಣಿಸಿದ್ದು.

ಬನ್ನಿ, ಒಂದು ಲಕ್ಷವನ್ನು ಐದೈದು ಸಾವಿರದಂತೆ 20 ಜನಕ್ಕೆ ಹಂಚೋಣ. ‘ರಿಸ್ಕ್ ಹಂಚಿಹೋಗುತ್ತೆ ಸಾರ್’ ಎಂದು ಫೋನಿನ ಆ ಕಡೆಯ ಹುಡುಗನೂ ಹೇಳಿದ್ದಾನೆ. ಅವಧಿ ಒಂದು ವರ್ಷ, ಬಡ್ಡಿ ಶೇ. 18, ತಿಂಗಳ ಕಂತು ಒಬ್ಬೊಬ್ಬರಿಂದ 458 ರೂಪಾಯಿ 40 ಪೈಸೆ. ಎಲ್ಲರೂ ಸತ್ಯಹರಿಶ್ಚಂದ್ರನ ವಂಶದವರೇ ಆಗಿ ಹನ್ನೆರಡೂ ಕಂತು ಕಟ್ಟಿದರೆ ಕೈಗೆ ಬರುವ ಒಟ್ಟು ಬಡ್ಡಿ 10,016 ರೂಪಾಯಿ. ಹದಿನೆಂಟು ಸಾವಿರ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ, ಅದು ಇರಲೇ ಇಲ್ಲ. ಪ್ರತಿ ಕಂತಿನ ಜೊತೆ ಅಸಲೂ ಚೂರುಚೂರಾಗಿ ವಾಪಸಾಗುತ್ತದೆ. ವರ್ಷದುದ್ದಕ್ಕೂ ಸರಾಸರಿ ನಿಮ್ಮ ದುಡ್ಡು ಸಾಲದಲ್ಲಿ ದುಡಿದದ್ದು ಸುಮಾರು 55,600 ರೂಪಾಯಿ ಮಾತ್ರ. ವಾಪಸಾದ ಚೂರುಗಳನ್ನು ಅದೇ ದರಕ್ಕೆ, ಅದೇ ಗಳಿಗೆಯಲ್ಲಿ ಮತ್ತೆ ಸಾಲ ಕೊಡುತ್ತಾ ಹೋದರೆ 18 ನಿಜ. ಕೊಡದಿದ್ದರೆ ಅವು ನಿಮ್ಮ ಎಸ್‌ಬಿ ಖಾತೆಯಲ್ಲಿ ಆಕಳಿಸುತ್ತಾ ಕೂತಿರುತ್ತವೆ.

ಇಲ್ಲಿಯವರೆಗೆ ಕೇಡೇನೂ ಆಗಿಲ್ಲ. ಈಗ ಆ ಇಪ್ಪತ್ತು ಜನರಲ್ಲಿ ಒಬ್ಬ, ಪ್ರೊಫೈಲಿನಲ್ಲಿ ‘ಬಿ ಗ್ರೇಡ್, ಸಂಬಳದಾರ, ಉದ್ದೇಶ: ಮನೆ ರಿಪೇರಿ’ ಅಂತ ಇದ್ದವನು, ಮೂರು ಕಂತು ಕಟ್ಟಿ ಈರಭದ್ರನಾಗುತ್ತಾನೆ. ಬಾಕಿ ಅಸಲು 3,832 ರೂಪಾಯಿ ಅವನ ಮನೆ ರಿಪೇರಿಯಲ್ಲಿ ಗಾರೆಯಾಗಿಹೋಯಿತು. ಇನ್ನು ಪ್ಲಾಟ್‌ಫಾರ್ಮ್ ಶುಲ್ಕ ಶೇ. 1 ಅಂದುಕೊಳ್ಳೋಣ. ಒಂದು ಸಾವಿರ, ಅದರ ಮೇಲೆ ಜಿಎಸ್‌ಟಿ 180. ಈ ಇಡೀ ವ್ಯವಹಾರದಲ್ಲಿ ಖಾತ್ರಿಯಾಗಿ 18 ಪರ್ಸೆಂಟ್ ಸಿಗುವುದು ಜಿಎಸ್‌ಟಿ ಇಲಾಖೆಗೆ ಮಾತ್ರ.

ಆಮೇಲೆ ಆದಾಯ ತೆರಿಗೆ. ಬಂದ ಬಡ್ಡಿ 9,723 ರೂಪಾಯಿ ‘ಇತರ ಮೂಲಗಳ ಆದಾಯ’. ನೀವು ಬೆಂಗಳೂರಿನಲ್ಲಿ ಶೇ. 30ರ ಸ್ಲ್ಯಾಬಿನಲ್ಲಿ ದುಡಿಯುವವರಾದರೆ ಸೆಸ್ ಸೇರಿ 31.2, ಅಂದರೆ 3,034 ರೂಪಾಯಿ. ಮುಳುಗಿದ ಅಸಲನ್ನು ಕಳೆಯಬಾರದೇ? ಕಳೆಯುವಂತಿಲ್ಲ. ಅದು ಲೇವಾದೇವಿಯನ್ನೇ ಕಸುಬಾಗಿ ನಡೆಸುವವರಿಗಿರುವ ಸವಲತ್ತು. ‘ಹಾಗಾದರೆ ನಾನೂ ಲೇವಾದೇವಿಗಾರ’ ಅಂತ ರಿಟರ್ನ್ಸಿನಲ್ಲಿ ಎದೆತಟ್ಟಿ ಬರೆಯುವ ಮುನ್ನ ತಾಳಿ. ಕರ್ನಾಟಕದಲ್ಲಿ ಆ ಕಸುಬಿಗೆ 1961ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಒಂದು ಇಲಾಖೆಯಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದರ ಕೈಗೆ ಸಿಕ್ಕಿಬೀಳುವ ಯೋಗ.

ಎಲ್ಲ ಕಳೆದು ಉಳಿದದ್ದು 1,677 ರೂಪಾಯಿ. ದುಡಿದ ಸರಾಸರಿ ದುಡ್ಡಿನ ಮೇಲೆ ಶೇ. 3. ಮೂಲೆಯ ಬ್ಯಾಂಕಿನಲ್ಲಿ ಶೇ. 7ರ ಎಫ್‌ಡಿ ಇಟ್ಟು ಅದೇ ತೆರಿಗೆ ಕಟ್ಟಿದವರಿಗೆ 4.8 ಸಿಗುತ್ತದೆ, ಮೇಲೆ ಕ್ಯಾಲೆಂಡರು.

ಇನ್ನೂ ಒಬ್ಬ ಕೈಕೊಟ್ಟ ಅನ್ನಿ. ಇಪ್ಪತ್ತರಲ್ಲಿ ಇಬ್ಬರು. ಆಗ ತೆರಿಗೆಗೆ ಮುನ್ನ ನಿಮ್ಮ ಲಾಭ 585 ರೂಪಾಯಿ. ಆ 585ಕ್ಕೆ ಕಟ್ಟಬೇಕಾದ ತೆರಿಗೆ 2,942! ಅಂದರೆ ಮೋಸ ಮಾಡಿದವನು ಒಬ್ಬ ಹೆಚ್ಚಾದರೆ, ದೇಶಕ್ಕೆ ತೆರಿಗೆ ಕಟ್ಟಲು ನೀವು ಜೇಬಿನಿಂದ 2,357 ರೂಪಾಯಿ ತೆಗೆಯಬೇಕು. ಇಂಥ ರಾಷ್ಟ್ರಪ್ರೇಮಕ್ಕೆ ಪದ್ಮಶ್ರೀ ಕೊಡುವ ಪದ್ಧತಿ ಇನ್ನೂ ಬಂದಿಲ್ಲ.

ಇಷ್ಟಾದರೂ ಡ್ಯಾಶ್‌ಬೋರ್ಡ್ ನಗುತ್ತಲೇ ಇರುತ್ತದೆ. ಕಂತು ತಪ್ಪಿದವನು 90 ದಿನ ಕಳೆಯುವವರೆಗೆ ‘ವಿಳಂಬ’ ಅಷ್ಟೇ, ಎನ್‌ಪಿಎ ಅಲ್ಲ. ಅಲ್ಲಿಯವರೆಗೆ ಅವನ ಬಾಕಿಯೂ ನಿಮ್ಮ ಆಸ್ತಿಯ ಲೆಕ್ಕದಲ್ಲೇ ಇರುತ್ತದೆ. ಇದಕ್ಕಿಂತ ಸೊಗಸಾದ ಕೈಚಳಕ ಶೇಕಡಾವಾರಿನದ್ದು. ‘ನಮ್ಮಲ್ಲಿ ಎನ್‌ಪಿಎ ಬಹಳ ಕಡಿಮೆ’ ಅನ್ನುವ ಕಂಪನಿ, ಕಳೆದ ತಿಂಗಳು ಕೊಟ್ಟ ಸಾಲವನ್ನೂ ಛೇದಕ್ಕೆ ಸೇರಿಸಿಕೊಂಡಿರುತ್ತದೆ. ಕಳೆದ ತಿಂಗಳು ಕೊಟ್ಟ ಸಾಲ ಈ ತಿಂಗಳು ಮುಳುಗುವುದಾದರೂ ಹೇಗೆ? ಎಲ್‌ಕೆಜಿ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿದು ‘ನಮ್ಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಫೇಲಾದವರು ಶೇ. 2 ಮಾತ್ರ’ ಅನ್ನುವ ಹೆಡ್ಮಾಸ್ತರರ ಗಣಿತ ಇದು. ವ್ಯಾಪಾರ ಬೆಳೆಯುತ್ತಿರುವಷ್ಟು ಕಾಲ ಶೇಕಡಾವಾರು ಚೆಂದ. ಹೊಸ ಸಾಲ ನಿಂತ ವರ್ಷ ಹಳೆಯ ಬ್ಯಾಚಿನ ಫಲಿತಾಂಶ ಬೋರ್ಡಿಗೆ ಬರುತ್ತದೆ.

ಲೆಕ್ಕ ತಿಳಿಯದಿರುವುದು ನಮ್ಮಂಥ ಪಾಮರರ ಪಾಡು ಮಾತ್ರ ಅಂದುಕೊಳ್ಳಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ ಪ್ರಾಸ್ಪರ್ ಎಂಬ ಪಿ2ಪಿ ಕಂಪನಿಯ ಕಥೆ ಕೇಳಿ. 2015ರ ಜುಲೈಯಿಂದ 2017ರ ಮೇ ತಿಂಗಳವರೆಗೆ, ಮುಳುಗಿಹೋದ ಕೆಲವು ಸಾಲಗಳನ್ನು ಲೆಕ್ಕದಿಂದ ಬಿಟ್ಟು, ಅದು 30,000ಕ್ಕೂ ಹೆಚ್ಚು ಹೂಡಿಕೆದಾರರಿಗೆ ಉಬ್ಬಿದ ಪ್ರತಿಫಲ ತೋರಿಸಿತು. ಆ ಅಂಕಿಯನ್ನೇ ಇಮೇಲಿನಲ್ಲಿಟ್ಟು ‘ಇನ್ನಷ್ಟು ಹಾಕಿ’ ಅಂದಿತು. ಜನ ದೂರಿದರೂ ತಪ್ಪು ಹುಡುಕಲಿಲ್ಲ. 2019ರ ಏಪ್ರಿಲ್‌ನಲ್ಲಿ ಅಲ್ಲಿನ ನಿಯಂತ್ರಕ ಎಸ್‌ಇಸಿ 30 ಲಕ್ಷ ಡಾಲರ್ ದಂಡ ಹಾಕಿದಾಗ ಹೊರಬಿದ್ದ ಮಾತು ಇನ್ನೂ ಸ್ವಾರಸ್ಯ: ಪ್ರತಿಫಲವನ್ನು ಹೇಗೆ ಲೆಕ್ಕ ಹಾಕಲಾಗುತ್ತಿದೆ ಎಂಬುದು ತನಗೇ ಅರ್ಥವಾಗುತ್ತಿಲ್ಲವೆಂದು ಕಂಪನಿಗೆ ಗೊತ್ತಿತ್ತಂತೆ! ತಪ್ಪು ಒಪ್ಪಿಕೊಳ್ಳದೆ, ಅಲ್ಲಗಳೆಯದೆ ಕಂಪನಿ ದಂಡ ಕಟ್ಟಿತು.

ನಮ್ಮಲ್ಲಿ ಇನ್ನೊಂದು ಬಗೆಯ ಜಾಣತನ. 2021ರಲ್ಲಿ ಭಾರತ್‌ಪೇಯ ‘12% ಕ್ಲಬ್’, ಕ್ರೆಡ್‌ನ ‘ಮಿಂಟ್’ ಎಂಬ ಪಿ2ಪಿ ಯೋಜನೆಗಳು ಬಂದವು. ಹಾಕಿ, ಬೇಕಾದಾಗ ತೆಗೆಯಿರಿ ಅನ್ನುವುದು ಇಂಥವುಗಳ ಆಕರ್ಷಣೆಯಾಗಿತ್ತು. ಸಾಲಗಾರ ತಿಂಗಳುಗಟ್ಟಲೆ ಕಂತು ಕಟ್ಟುವವನು, ಕೊಟ್ಟವನಿಗೆ ಮಾತ್ರ ದುಡ್ಡು ನಾಳೆಯೇ ವಾಪಸ್. ಎಲ್ಲಿಂದ ಅಂತ ಕೇಳುವ ಕೆಟ್ಟ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ. ರಿಸರ್ವ್ ಬ್ಯಾಂಕಿಗಿತ್ತು. 2024ರ ಆಗಸ್ಟ್ 16ರಂದು ಅದು ಪಿ2ಪಿ ನಿಯಮ ಬಿಗಿ ಮಾಡಿತು: ಖಚಿತ ಪ್ರತಿಫಲದ ಹೂಡಿಕೆ ಎಂಬಂತೆ ಇದನ್ನು ಮಾರಕೂಡದು, ಬೇಕಾದಾಗ ದುಡ್ಡು ತೆಗೆಯುವ ಸೌಲಭ್ಯ ಕೂಡದು, ಅಸಲು ಮುಳುಗಲಿ ಬಡ್ಡಿ ಮುಳುಗಲಿ ನಷ್ಟ ಪೂರ್ತಿ ಕೊಟ್ಟವನದ್ದೇ ಎಂದು ತಿಳಿಸಬೇಕು. ಗಾದೆಗೆ ಗೆಜೆಟಿನ ಮುದ್ರೆ ಬಿತ್ತು ಅನ್ನಿ.

ಅಂದಹಾಗೆ ಬ್ಯಾಂಕೇ ಬೇಡ ಅಂದಿದ್ದ ಜೋಪಾ 2020ರಲ್ಲಿ ತಾನೇ ಬ್ಯಾಂಕಾಯಿತು. ಮರುವರ್ಷ ಜನರಿಂದ ಜನರಿಗೆ ಸಾಲ ಕೊಡಿಸುವ ಅಂಗಡಿ ಮುಚ್ಚಿತು. ಅಮೆರಿಕದ ಲೆಂಡಿಂಗ್ ಕ್ಲಬ್ ಕೂಡ ಸಣ್ಣ ಹೂಡಿಕೆದಾರರಿಗೆ ಬಾಗಿಲು ಹಾಕಿ 2021ರಲ್ಲಿ ಬ್ಯಾಂಕೊಂದನ್ನು ಕೊಂಡುಕೊಂಡಿತು.

ಈಗಾಗಲೇ ದುಡ್ಡು ಹಾಕಿ ಕೂತವರಿಗೆ ಒಂದು ಕೆಲಸ. ಡ್ಯಾಶ್‌ಬೋರ್ಡ್ ಮುಚ್ಚಿ, ಪಾಸ್‌ಬುಕ್ ತೆರೆಯಿರಿ. ನಿಮ್ಮ ಬ್ಯಾಂಕ್ ಖಾತೆಯಿಂದ ಹೋದ ದಿನ, ಮೊತ್ತ. ಖಾತೆಗೆ ಬಂದ ದಿನ, ಮೊತ್ತ. ಇವಿಷ್ಟೇ ಎಕ್ಸೆಲ್‌ನಲ್ಲಿ ಬರೆಯಿರಿ. ಕಟ್ಟಿದ ತೆರಿಗೆಯನ್ನೂ ಹೋದ ದುಡ್ಡಿಗೆ ಸೇರಿಸಿ. 90 ದಿನದಿಂದ ಸದ್ದಿಲ್ಲದ ಸಾಲಕ್ಕೆ ಸೊನ್ನೆ ಹಾಕಿ, ಅದರ ಮೇಲಿನ ಮೋಹ ಬಿಡಿ. ಉಳಿದವುಗಳ ಬಾಕಿ ಅಸಲನ್ನು ಇವತ್ತಿನ ತಾರೀಕಿಗೆ ಬಂದಂತೆ ಬರೆದು ‘ಎಕ್ಸ್‌ಐಆರ್‌ಆರ್’ ಸೂತ್ರ ಒತ್ತಿ. ಬಂದ ವಾರ್ಷಿಕ ಪ್ರತಿಫಲದ ಅಂಕಿ ಮನೆಯಲ್ಲಿ ಹೇಳುವಂತಿದ್ದರೆ ಹೇಳಿ. ಹೇಳುವಂತಿಲ್ಲದಿದ್ದರೆ ಕಂಪನಿಗೆ ಒಂದು ಪ್ರಶ್ನೆ ಕಳಿಸಿ: ಎರಡು ವರ್ಷದ ಹಿಂದೆ ಇದೇ ತಿಂಗಳು ಕೊಟ್ಟ ಸಾಲಗಳಲ್ಲಿ ಇವತ್ತಿಗೆ ವಾಪಸ್ ಬಂದದ್ದು ಎಷ್ಟು? ನಿಮ್ಮ ರಿಲೇಶನ್‌ಶಿಪ್ ಮ್ಯಾನೇಜರ್ ಕರೆ ಮಾಡುತ್ತಾರೆ ಅಂತ ಉತ್ತರ ಬರುತ್ತದೆ. ಕರೆಯೂ ಬರುತ್ತದೆ, ಹೊಸ ಪ್ಲಾನ್ ಹೇಳುವುದಕ್ಕೆ. 22 ಪರ್ಸೆಂಟಂತೆ, ‘ವರೆಗೆ’.