ರೈಲು ರಾಯರು

ಯಲಹಂಕದಿಂದ ಹೊರಟು ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಹಾದು ಕೋಲಾರವನ್ನು ಸೇರುವ ರೈಲುಹಾದಿಯ ಮಗ್ಗುಲಲ್ಲಿ ಊರಿಗೊಬ್ಬರಂತೆ ಒಬ್ಬ ರೈಲು ರಾಯರು ಇದ್ದೇ ಇರುತ್ತಾರೆ. ಇವರು ರೈಲ್ವೆಯ ಸಂಬಳ ತಿಂದವರಲ್ಲ. ಬಹುಮಟ್ಟಿಗೆ ನಿವೃತ್ತ ಉಪಾಧ್ಯಾಯರೋ ತಾಲ್ಲೂಕು ಕಚೇರಿಯ ಗುಮಾಸ್ತರೋ ಆಗಿದ್ದವರು. ಆದರೂ ತಮ್ಮನ್ನು ಒಂದು ಮಾತು ಕೇಳದೆ ಇಲಾಖೆಯು ಹಳಿಗೆ ಒಂದು ಮೊಳೆಯನ್ನೂ ಹೊಡೆಯಬಾರದಾಗಿತ್ತೆಂಬ ಭಾವವು ಅವರ ಮುಖಮಂಡಲದಲ್ಲಿ ಸದಾ ನೆಲೆಸಿರುತ್ತದೆ.

ಚಹದಂಗಡಿಯಲ್ಲಿ ರೇಷ್ಮೆಗೂಡಿನ ಧಾರಣೆ ಕುಸಿಯಿತೆಂದು ಯಾರಾದರೂ ನಿಟ್ಟುಸಿರಿಟ್ಟರೆ ಸಾಕು, ಆ ಮಾತು ರಾಯರ ಕೈಗೆ ಸಿಕ್ಕು ಕ್ಷಣಾರ್ಧದಲ್ಲಿ 1915ನೆಯ ಇಸವಿಗೆ ಹೋಗಿ ನಿಲ್ಲುತ್ತದೆ: ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಚಿಕ್ಕ ರೈಲು ಬಂದುದು ಆಗ; ಹಳಿಗಳ ನಡುವಣ ಅಂತರ ಎರಡೂವರೆ ಅಡಿ; ದಿವಾನಗಿರಿಯಲ್ಲಿದ್ದವರು ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಈ ಕಡೆಯ ಸಂಗತಿಯನ್ನು ಹೇಳಿದ ಮೇಲೆ ರಾಯರು, ದಿವಾನರು ತಮ್ಮ ಸೋದರಮಾವನೇ ಆಗಿದ್ದರೆಂಬಂತೆ ಕೊಂಚ ಹೊತ್ತು ಸುಮ್ಮನಿರುತ್ತಾರೆ.

"ಮೇಷ್ಟ್ರೇ, ಟೀ ಆರೋಗ್ತೈತೆ," ಎನ್ನುತ್ತಾನೆ ಅಂಗಡಿಯವನು.

"ಇರಲಪ್ಪ. ಇಂಜಿನ್ನು ಇನ್ನೂ ನೀರು ಕುಡೀತಾ ಇದೆ," ಎನ್ನುತ್ತಾರೆ ರಾಯರು.

ಅವರ ಟ್ರಂಕಿನ ತಳದಲ್ಲಿ, ನುಸಿಗುಳಿಗೆಗಳ ನಡುವೆ, ನಾಲ್ಕು ಮಡಿಕೆಯ ಜರಿಪಂಚೆಯೊಂದಿದೆ. ಅದರ ಅಂಚಿನ ಬಳಿ ಹೆಸರುಕಾಳಿನಷ್ಟು ದೊಡ್ಡ ತೂತು. ತೂತಿನ ಸುತ್ತ ಕಂದುಬಣ್ಣದ ಉಂಗುರ. ತಮ್ಮ ವಿವಾಹಕ್ಕೆಂದು ಹೊರಟಾಗ ಇಂಜಿನ್ನಿನ ಕಿಡಿ ಹಾರಿ ಕಿಟಕಿಯೊಳಗೆ ಬಿದ್ದು ಆದುದಂತೆ. ಬಂದ ಅತಿಥಿಗಳಿಗೆ ರಾಯರು ಇದನ್ನು ದೇವರ ಪ್ರಸಾದವನ್ನು ತೋರುವ ಭಕ್ತಿಯಿಂದ ಬಿಡಿಸಿ ತೋರುವಾಗ, ಒಳಗಿನಿಂದ ಮನೆಯಾಕೆಯ ಧ್ವನಿ ತಪ್ಪದೆ ಕೇಳಿಬರುತ್ತದೆ: "ಮುಹೂರ್ತ ತಪ್ಪಿತಲ್ಲ, ಅದನ್ನೂ ಹೇಳಿ!"

ಇಂಗ್ಲೆಂಡಿನಲ್ಲಿಯೂ ಈ ಪಂಗಡದ ಜನರುಂಟು. ಸಸೆಕ್ಸ್ ಸೀಮೆಯಲ್ಲಿ ಮುಚ್ಚಿಹೋಗಿದ್ದ ಬ್ಲೂಬೆಲ್ ಎಂಬ ಹಾದಿಯಲ್ಲಿ 1960ರಲ್ಲಿ ಮರಳಿ ಉಗಿಬಂಡಿಯನ್ನು ಓಡಿಸಿದವರು ಇಂಥ ಹವ್ಯಾಸಿಗಳೇ. ಹಾರ್ಸ್ಟೆಡ್ ಕೇನ್ಸ್ ಎಂಬ ಹಳ್ಳಿಯ ನಿಲ್ದಾಣ ಇಂದಿಗೂ ಅವರ ಕೃಪೆಯಿಂದ ಜೀವಂತವಾಗಿದೆ. ಅಲ್ಲಿಯವರು ರಜೆಯ ದಿನ ಮೈಗೆಲ್ಲ ಮಸಿ ಬಳಿದುಕೊಂಡು ಕಲ್ಲಿದ್ದಲನ್ನು ಎತ್ತಿ ಒಲೆಗೆ ಹಾಕುತ್ತಾರೆ. ರಾಯರು ಇದನ್ನು ಬಲ್ಲರು, ಮನಸಾರೆ ಮೆಚ್ಚುವರು. ನಮ್ಮಲ್ಲಿಯೂ ಅಂಥದೊಂದು ಸಂಘ ಸ್ಥಾಪಿತವಾಗುವುದಾದರೆ, ಕಲ್ಲಿದ್ದಲಿನ ಭಾಗವನ್ನು ತರುಣರಿಗೆ ಬಿಟ್ಟು, ಅಧ್ಯಕ್ಷ ಪದವಿಯ ಭಾರವನ್ನು ತಾವೇ ಹೊರಲು ಅವರು ಸಿದ್ಧರಿದ್ದಾರೆ.

2013ರಲ್ಲಿ ಚಿಕ್ಕಬಳ್ಳಾಪುರ–ಕೋಲಾರದ ಹಳಿಯು ಬ್ರಾಡ್ ಗೇಜಾಗಿ ತೆರೆದಾಗ ಊರೆಲ್ಲ ಸಂತೋಷಪಟ್ಟಿತು. ರಾಯರು ಮಾತ್ರ ಹಳಿಯನ್ನು ಅತ್ತಿಂದಿತ್ತ ನೋಡಿ, "ಅಗಲವೇನೋ ಆಯಿತು, ಗತ್ತು ಹೋಯಿತು," ಎಂದು ತೀರ್ಪಿತ್ತರು. ಇದೇ ಹಾದಿಯ ನಂದಿ ಹಾಲ್ಟ್ ಎಂಬ ನಿಲ್ದಾಣದ ಹಳೆಯ ಕಟ್ಟಡವನ್ನು, ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇನ್‌ಟ್ಯಾಕ್ ಸಂಸ್ಥೆಯವರು ಜೀರ್ಣೋದ್ಧಾರ ಮಾಡಿದ ಮೇಲೂ ಹೋಗಿ ನೋಡಿದರು. ಎಲ್ಲವೂ ಸರಿ, ಬಾಗಿಲ ಬಣ್ಣವೊಂದು ತುಸು ಗಾಢವಾಯಿತಂತೆ.

ವಾಚಕ ಮಹಾಶಯರು ಎಂದಾದರೂ ಆ ಹಾಲ್ಟಿನಲ್ಲಿ ಇಳಿದರೆ, ಕಲ್ಲುಬೆಂಚಿನ ಮೇಲೆ ಕುಳಿತ ಹಿರಿಯರನ್ನು "ಇದು ಎಷ್ಟು ಹಳೆಯದು?" ಎಂದು ಅಪ್ಪಿತಪ್ಪಿಯೂ ಕೇಳಬಾರದು, ಹಿಂದಿರುಗುವ ರೈಲು ತಪ್ಪುವುದು ಖಂಡಿತ. ತಪ್ಪಿದರೂ ಚಿಂತೆಯಿಲ್ಲ. ರಾಯರು ಬೆಂಗಳೂರಿಗೆ ಹೋಗುವುದು ಯಾವಾಗಲೂ ಬಸ್ಸಿನಲ್ಲಿಯೇ ಆದುದರಿಂದ, ಅದರ ವೇಳೆಗಳೆಲ್ಲ ಅವರಿಗೆ ಬಾಯಿಪಾಠವಾಗಿವೆ.