ಬೋನಿನ ಬಾಯಿಂದ

ಮಂಡ್ಯ–ಮದ್ದೂರು ನಡುವಿನ ಒಂದು ನಾಲೆ ಏರಿ. ಕಬ್ಬಿನ ಗದ್ದೆ ಅಂಚಿನಲ್ಲಿ ಸೋಗೆ ಹೊದ್ದು ಕುಳಿತಿದ್ದ ಚಿರತೆ ಬೋನು ಬಿಡುವಾಗಿತ್ತು. ಒಳಗಿನ ನಾಯಿ ಮಾತ್ರ ಬಿಡುವಾಗಿರಲಿಲ್ಲ, ಎಡೆಬಿಡದೆ ಬೊಗಳುತ್ತಿತ್ತು.

ನಮಸ್ಕಾರ. ಎಷ್ಟು ದಿನದಿಂದ ಇಲ್ಲಿದ್ದೀರಿ?

ಹದಿನೈದು ದಿನ ಆಯ್ತು ಸ್ವಾಮಿ. ಚಿರತೆ ಒಂದ್ಸಲ ಬಂದು ಮೂಸ್ಕೊಂಡು ಹೋಯ್ತು. ಜನ ದಿನಾ ಬತ್ತಾರೆ. ಒಳಗೆ ಕೂತ್ಕೊಂಡು ಫೋಟೊ ತೆಗೆಸ್ಕಂಡೋರೇ ಇಪ್ಪತ್ತು ಜನ.

ಚಿರತೆಗೆ ಊರಿನಲ್ಲೇನು ಕೆಲಸ? ಕಾಡು ಬಿಟ್ಟು ಬಂದಿದ್ದೇಕೆ?

ಬಂತು ಅಂತೀರಲ್ಲ, ಎಲ್ಲಿಂದ? ಈ ಗದ್ದೇಲೇ ಹುಟ್ಟಿದ್ದು ಕಣ್ರಪ್ಪ ಅದು! ಕನ್ನಂಬಾಡಿ ಕಟ್ಟೆ ಕಟ್ಟುದ್ರಿ, ನಾಲೆ ತಂದ್ರಿ, 1933ರಲ್ಲಿ ಸಕ್ಕರೆ ಕಂಪನಿ ಮಾಡುದ್ರಿ. ಆಳೆತ್ತರದ ಕಬ್ಬು, ಒಳಗೆ ತಂಪು, ತಿಂಗಳುಗಟ್ಟಲೆ ಯಾರೂ ನುಗ್ಗಲ್ಲ. ಕಟಾವಾದ್ರೂ ಕೂಳೆ ಚಿಗುರ್ತದೆ. ಮರಿ ಹಾಕಕ್ಕೆ ಇನ್ನೇನ್ ಬೇಕು? ಊಟಕ್ಕೂ ನೀವೇ ಏರ್ಪಾಟು ಮಾಡಿದ್ದೀರಿ: ರಸ್ತೆ ಬದೀಲಿ ಕೋಳಿ ಅಂಗಡಿ ಕಸ, ಅದಕ್ಕೆ ಬೀದಿನಾಯಿ, ನಾಯಿಗೆ ಚಿರತೆ.

ಕಟಾವಿನಲ್ಲಿ ಮರಿ ಸಿಕ್ಕಿದರೆ?

ಎತ್ಕೊಂಡು ಮುದ್ದಾಡ್ತಾರೆ. ತಾಯಿ ಅಲ್ಲೇ ಸಾಲಿನಾಚೆ ಕೂತು ನೋಡ್ತಿರ್ತದೆ. ತಿಳಿದೋರು ಮರೀನ ಪುಟ್ಟೀಲಿ ಹಾಕಿ, ಸಿಕ್ಕಿದ ಜಾಗದಲ್ಲೇ ರಾತ್ರಿ ಇಟ್ಟು ದೂರ ಹೋಯ್ತಾರೆ. ತಾಯಿ ಬಂದು ಕಚ್ಕೊಂಡು ಹೋಯ್ತದೆ. ಅದರಲ್ಲಿ ನನಗೇನೂ ಕೆಲಸ ಇಲ್ಲ. ಫೋಟೊನೂ ಇಲ್ಲ, ಅದಕ್ಕೇ ಪೇಪರಿನಲ್ಲಿ ಚಿಕ್ಕದಾಗಿ ಬತ್ತದೆ.

2022ರ ನವೆಂಬರಿನಲ್ಲಿ ಬೃಂದಾವನ ಗಾರ್ಡನ್ ಹತ್ತಿರ ಚಿರತೆ ಕಂಡು ಪ್ರವಾಸಿಗರನ್ನೇ ನಿಲ್ಲಿಸಿದರಲ್ಲ?

ಹ್ಞೂಂ. ಟಿಕೆಟ್ ಇಲ್ಲದೆ ಕಾರಂಜಿ ನೋಡಕ್ಕೆ ಬಂದದ್ದು ಅದೊಂದೇ.

ನೀವು ಹಿಡಿದ ಮೇಲೆ ಊರಿನವರಿಗೆ ನಿಶ್ಚಿಂತೆ ತಾನೆ?

ಒಂದು ವಾರ. ಚಿರತೆಗೂ ಗಡಿ ಅದೆ ಸ್ವಾಮಿ, ನಿಮ್ಮ ಹೊಲದ ಬದು ಇದ್ದಂಗೆ. ಇದ್ದುದ್ದನ್ನ ಸಾಗಿಸಿದ್ರೆ ಖಾಲಿ ಜಾಗಕ್ಕೆ ಇನ್ನೊಂದು ಬಂದು ಕೂರ್ತದೆ. ಸಾಗಿಸಿದ್ದು ಹೊಸ ಕಾಡಲ್ಲಿ ಅಲ್ಲಿನ ಯಜಮಾನನ ಕೈಲಿ ಒದೆ ತಿಂದು, ಇನ್ಯಾವುದೋ ಊರ ಮಗ್ಗುಲಲ್ಲಿ ಕಾಣಿಸ್ಕೊತದೆ. 1972ರ ವನ್ಯಜೀವಿ ಕಾಯ್ದೇಲಿ ಚಿರತೆ ಮೊದಲನೇ ಪಟ್ಟೀಲಿ ಅದೆ, ಊರೋರ ಅರ್ಜೀಲೂ ಮೊದಲನೇ ಸಾಲಲ್ಲೇ ಅದೆ. ಹಿಡಿದು ಸಾಗಿಸೋದಕ್ಕೆ ‘ರಕ್ಷಣೆ’ ಅಂತ ಬರೀತೀರಲ್ಲ, ಯಾರದ್ದು ಅಂತ ಒಂದ್ಸಲ ಕೇಳ್ಬೇಕು ಅಂತಿದ್ದೆ.

(ಪ್ರಶ್ನೆ ಕೇಳುವವನು ನಾನು ಎಂದು ನೆನಪಿಸಿದೆ.) ಮಳವಳ್ಳಿ ಕಡೆಗೂ ಹೋಗ್ತೀರಾ?

ಕರೆ ಬತ್ತದೆ. ಅಲ್ಲಿ ಮುತ್ತತ್ತಿ ಕಾಡಿನ ಕಡೆಯಿಂದ ಆನೆನೂ ಇಳೀತವೆ. ಆನೆ ಬಂದ್ರೆ ನಾನು ಪಕ್ಕಕ್ಕೆ ಸರ್ಕೊತೀನಿ. ನನ್ನ ಅಳತೆ ನನಗೆ ಗೊತ್ತು.

ನಿಮ್ಮ ಕುಲದಲ್ಲಿ ಹೆಮ್ಮೆ ಪಡುವಂಥವರು?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಒಬ್ಬರವ್ರೆ. ಬಲೆ ಬಿಗಿದ ಆವರಣ. ಮನೆ ಮುಂದಿನ ಹುಣಸೆಮರದ ಗೂಡಿಂದ ಬಿದ್ದ ಹೆಜ್ಜಾರ್ಲೆ ಮರಿಗಳ್ನ ಊರಿನ ಹೆಜ್ಜಾರ್ಲೆ ಬಳಗದೋರು ಅಲ್ಲಿಟ್ಟು, ಮೀನು ಹಾಕಿ ಸಾಕಿ, ರೆಕ್ಕೆ ಬಲಿತ ಮೇಲೆ ಬಿಟ್ಬುಡ್ತಾರೆ. 2007ರಲ್ಲಿ ಸರ್ಕಾರ ಊರನ್ನ ಸಮುದಾಯ ಮೀಸಲು ಅಂತ ಘೋಷಿಸ್ತು. ಅದಕ್ಕೂ ಎಷ್ಟೋ ತಲೆಮಾರಿನ ಮುಂಚಿಂದ ಹಿಕ್ಕೆ ವಾಸನೆ ಸೈಸ್ಕೊಂಡು ಬಂದೋರು ಆ ಊರಿನ ಹೆಂಗಸರು. ಅವರಿಗೂ ಹಿಕ್ಕೆ ಗೊಬ್ಬರ ಆಯ್ತಿತ್ತು ಅನ್ನಿ. ಕೊಕ್ಕರೆ ನಾಯಿ ತಿನ್ನಲ್ಲ, ಅದೂ ಒಂದು ಅನುಕೂಲ.

ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು. ಪಕ್ಕದೂರಿನಲ್ಲಿ ಯಾರೋ ಹೆಜ್ಜೆ ಗುರುತು ನೋಡಿದ್ದರಂತೆ.

ಹೊರಟಿರಾ?

ಹ್ಞೂಂ. ದಾರೀಲಿ ಮದ್ದೂರಲ್ಲಿ ನಿಲ್ಲುಸ್ತಾರೆ. ಡ್ರೈವರಿಗೆ ವಡೆ, ನನಗೆ ಒಂದಿಷ್ಟು ಗ್ರೀಸು.

ನಾಯಿಗೆ?

ಅದನ್ನ ಇದುವರೆಗೂ ಯಾರೂ ಕೇಳಿಲ್ಲ ಸ್ವಾಮಿ. ಬೊಗಳ್ತಾನೇ ಅದೆ.