ಕಿವಿ ಬಿರಡೆ ಕೈಪಿಡಿ: ಗೋಕಾಕ, ಮೂಡಲಗಿ, ಹುಕ್ಕೇರಿ ಆವೃತ್ತಿ

ಬಳಸುವ ಮುನ್ನ ಪೂರ್ತಿ ಓದಿರಿ. ಓದಲು ಬೇಸರವಾದರೆ ಓದಿದವರನ್ನು ಕೇಳಿರಿ. ಕೇಳುವಾಗ ಇಯರ್‌ಫೋನ್ ತೆಗೆದಿರಲಿ.

1. ದೋಷ ಎಲ್ಲಿದೆ?

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಈ ಮೂರೂ ತಾಲೂಕುಗಳಲ್ಲಿ ಒಂದೇ ಸಿದ್ಧಾಂತ ಸಾರುತ್ತ ಹೋಗುತ್ತವೆ: ಹಾಡು ಸಾಲದಿದ್ದರೆ ಸ್ಪೀಕರ್ ದೊಡ್ಡದು ಹಾಕು. ಇಯರ್‌ಫೋನಿಗೆ ಇದು ಒಗ್ಗದು. ಅದು ಅಲುಗಿಸಬೇಕಾದದ್ದು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿನಾಳದಲ್ಲಿ ಉಳಿದ ಚೂರು ಗಾಳಿಯನ್ನಷ್ಟೇ. ರಬ್ಬರ್ ತುದಿಗೂ ಕಿವಿಗೂ ನಡುವೆ ಸಂದಿ ಉಳಿದರೆ ಮೊದಲು ಸೋರಿಹೋಗುವುದು ತಗ್ಗಿನ ದನಿ. ಕುಲಗೋಡ ತಮ್ಮಣ್ಣನ ನೆಲದ ಶ್ರೀಕೃಷ್ಣ ಪಾರಿಜಾತ ಆಟದ ಹಾಡು ಹಚ್ಚಿ ನೋಡಿ: ತಾಳ ಕಿವಿ ಚುಚ್ಚುತ್ತದೆ, ತಗ್ಗಿನ ದನಿಯ ಡಗ್ಗಾ ನಾಪತ್ತೆ. ಕೊರತೆ ದನಿಯದಲ್ಲ, ಬಿರಡೆಯದು.

2. ಸಾಮಗ್ರಿ

ಕಾರ್ಖಾನೆಯ ಕಾರ್ಮಿಕರು ಗದ್ದಲ ತಡೆಯಲು ಕಿವಿಗೆ ಹಾಕಿಕೊಳ್ಳುವ ಸ್ಪಂಜಿನ ಇಯರ್‌ಪ್ಲಗ್ ಒಂದು ಜೋಡಿ. ಹಳೆಯ ರಬ್ಬರ್ ತುದಿ ಎರಡು. ಕತ್ತರಿ. ಬೆಲ್ಟಿಗೆ ತೂತು ಹೊಡೆಯುವ ಪಂಚ್. ಮನೆಯಲ್ಲಿ ಇಲ್ಲದಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ. “ಏನ್ ಮಾಡಾಂವ ಇದ್ದೀಯೋ ತಮ್ಮಾ?” ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ಅಂಟು ಬೇಕಿಲ್ಲ. ಗೋಕಾಕದವರು ಕರದಂಟಿನ ಡಬ್ಬಿಯತ್ತ ಕೈ ಚಾಚಬಾರದು.

3. ವಿಧಾನ

ಇಯರ್‌ಪ್ಲಗ್ಗನ್ನು ಅರ್ಧಕ್ಕೆ ಕತ್ತರಿಸಿ. ನಡುವೆ ಪಂಚನ್ನು ತಿರುಗಿಸುತ್ತ ಆರಪಾರ ತೂತು ಮಾಡಿ. ಹಳೆಯ ರಬ್ಬರ್ ತುದಿಯ ಛತ್ರಿಯಂಥ ಅಂಚು ಕತ್ತರಿಸಿ, ಒಳಗಿನ ನಳಿಕೆಯನ್ನು ಉಳಿಸಿಕೊಂಡು ಸ್ಪಂಜಿನೊಳಗೆ ಸೇರಿಸಿ. ಇಲ್ಲವಾದರೆ ಕಿವಿಯೊಳಗೆ ಸ್ಪಂಜು ಒತ್ತಿಕೊಂಡು ತೂತೇ ಮುಚ್ಚುತ್ತದೆ. ಇದನ್ನು ಇಯರ್‌ಫೋನಿನ ಮೂತಿಗೆ ಬಿಗಿಯಾಗಿ ಏರಿಸಿ. ಸಡಿಲವಿದ್ದರೆ ತೆಗೆಯುವಾಗ ಇಯರ್‌ಫೋನ್ ಕೈಗೆ, ಸ್ಪಂಜು ಡಾಕ್ಟರಿಗೆ.

ಹಾಕುವಾಗ ಸ್ಪಂಜನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಶಾಲೆಯಲ್ಲಿ ಮಾಸ್ತರರು ಎಳೆದ ದಿಕ್ಕೇ ಇದು, ನಾಳ ನೆಟ್ಟಗಾಗುತ್ತದೆ. ಸೇರಿಸಿ, ಸ್ಪಂಜು ಅರಳುವತನಕ ಅರ್ಧ ನಿಮಿಷ ಹಿಡಿಯಿರಿ.

4. ಪರೀಕ್ಷೆ, ಬಳಕೆ

ಗೋಕಾಕ: ಮಳೆಗಾಲದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವಾಗ, ಫಾಲ್ಸ್‌ನಿಂದ ದೂರದ ಕಟ್ಟೆಯ ಮೇಲೆ ಕುಳಿತು ಹಾಡು ಹಚ್ಚಿ. ಹಿಂದೆ ಏರಿಸುತ್ತಿದ್ದುದಕ್ಕಿಂತ ಕಡಿಮೆ ವಾಲ್ಯೂಮಿನಲ್ಲಿ ಡಗ್ಗಾ ಕೇಳಿದರೆ ಪಾಸು. ಇಯರ್‌ಫೋನನ್ನು ಬೆರಳಿಂದ ಮೆಲ್ಲಗೆ ಒತ್ತಿದಾಗ ಡಗ್ಗಾ ಹೆಚ್ಚಿದರೆ ಸೋರಿಕೆ ಇನ್ನೂ ಇದೆ. ತೂಗುಸೇತುವೆಯ ಮೇಲೆ ಪರೀಕ್ಷೆ ನಿಷಿದ್ಧ.

ಮೂಡಲಗಿ: ದನದ ಸಂತೆಯಲ್ಲಿ ಹಾಕಿಕೊಂಡರೆ ವ್ಯಾಪಾರ ಕೆಡುವುದಿಲ್ಲ, ಟವೆಲ್ಲಿನಡಿ ಬೆರಳು ಹಿಡಿದು ದರ ಮುರಿಯುವ ದಲಾಲರಿಗೆ ನಿಮ್ಮ ಕಿವಿಯ ಅಗತ್ಯವಿಲ್ಲ. ಹಿಂದಿನಿಂದ ಬರುವ ಎಮ್ಮೆಗೆ ಮಾತ್ರ ಇದೆ.

ಹುಕ್ಕೇರಿ: ಇಲ್ಲಿ ಕರೆಂಟನ್ನೂ 1969ರಲ್ಲಿ ಹುಟ್ಟಿದ ಸಹಕಾರಿ ಸಂಘವೇ ಹಂಚುತ್ತದೆ. ಹಾಗೆಂದು ಒಂದು ಕಿವಿ ನಿಮಗೆ, ಇನ್ನೊಂದು ಗೆಳೆಯನಿಗೆ ಎಂಬ ಸಹಕಾರ ಬೇಡ. ಒಂದು ಕಡೆ ತೆರೆದಿದ್ದರೆ ಕೈ ಮತ್ತೆ ವಾಲ್ಯೂಮಿಗೆ ಹೋಗುತ್ತದೆ. ಮೇಲಾಗಿ ಸ್ಪಂಜು ಗುಗ್ಗೆ ಹೀರುತ್ತದೆ.

5. ಎಚ್ಚರಿಕೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ. ಬಿರಡೆ ಉಳಿಸಿಕೊಟ್ಟದ್ದನ್ನು ವಾಲ್ಯೂಮ್ ಏರಿಸಿ ಖರ್ಚು ಮಾಡಿದರೆ ನೀವೂ ಟ್ರ್ಯಾಕ್ಟರಿನ ಶಿಷ್ಯರೇ. ಬೈಕ್ ಮೇಲೆ, ರಸ್ತೆ ದಾಟುವಾಗ ಹಾಕಬೇಡಿ. ಕಿವಿ ನೋವಿದ್ದರೆ, ಸೋರುತ್ತಿದ್ದರೆ ಮುಟ್ಟಲೇಬೇಡಿ.

6. ದೋಷ ಪರಿಹಾರ

ಕರದಂಟು ತಿನ್ನುವಾಗ ತಲೆಯೊಳಗೆ ಕಬ್ಬು ಅರೆದಂಥ ಸದ್ದು: ಅದು ನಿಮ್ಮದೇ ದವಡೆ. ಮುಚ್ಚಿದ ಕಿವಿಯಲ್ಲಿ ಎಲುಬಿನ ಮೂಲಕ ಬಂದ ದನಿ ಹೊರಬೀಳಲಾರದು. ಹಾಡು ಅಥವಾ ಕರದಂಟು, ಒಂದನ್ನು ಆರಿಸಿ.

ಹಿಂಡಿದ ಸ್ಪಂಜು ಅರಳುತ್ತಿಲ್ಲ: ಆಯುಷ್ಯ ಮುಗಿದಿದೆ, ಬದಲಿಸಿ.

“ಲೇ, ಎಷ್ಟೊತ್ತಿಂದ ಒದರಾಕತ್ತೀನಿ, ಕಿವಿ ಕೇಳಂಗಿಲ್ಲೇನ?” ಎಂದು ಅವ್ವ ಎದುರಿಗೆ ನಿಂತಿದ್ದಾಳೆ: ಉಪಕರಣದಲ್ಲಿ ದೋಷವಿಲ್ಲ. ಎರಡೂ ಬಿರಡೆ ತೆಗೆದು, ಎದ್ದು ಹೋಗಿ ಹೇಳಿದ ಕೆಲಸ ಮಾಡಿ.